ನಡುಕ ಕಾಣದ ಚಿತ್ರ

ಫೆಬ್ರವರಿ ೪. ಬೆಳಿಗ್ಗೆ

ಇವತ್ತೂ ಗಿರಣಿಯ ಚಿಮಣಿ ಕೈಗೆ ಸಿಗಲಿಲ್ಲ. ಡ್ರೋನ್ ಅದರ ಸುತ್ತ ಒಂದು ಸುತ್ತು ಬರಬೇಕು, ಚಿಮಣಿ ಫ್ರೇಮಿನ ನಡುವೆಯೇ ಇರಬೇಕು. ಇಷ್ಟೇ ಪಾಠ. ರಿಮೋಟಿನಲ್ಲಿ ಎರಡು ಸ್ಟಿಕ್, ಎಡಗೈ ತಿರುಗಿಸುತ್ತದೆ, ಬಲಗೈ ಪಕ್ಕಕ್ಕೆ ಸರಿಸುತ್ತದೆ. ಎರಡೂ ಒಟ್ಟಿಗೆ, ಎರಡೂ ಒಂದೇ ಸಮ. ನನ್ನ ಕೈಗಳು ಮಾತು ಬಿಟ್ಟ ವಾರಗಿತ್ತಿಯರ ಹಾಗೆ. ಒಬ್ಬಳು ಹೊರಟರೆ ಇನ್ನೊಬ್ಬಳು ಕೂತುಬಿಡುತ್ತಾಳೆ.

ಮುಚ್ಚಿದ ನೂಲಿನ ಗಿರಣಿಯ ಹಿಂದಿನ ಮೈದಾನ. ಬೆಳಿಗ್ಗೆ ಯಾರೂ ಇರುವುದಿಲ್ಲ. ಅಣ್ಣ ಮಡಚುವ ಕುರ್ಚಿಯಲ್ಲಿ ಕೂತಿದ್ದ. ಬಲಗೈ ತೊಡೆಯ ಕೆಳಗೆ. ಹಾಗೆ ಕೂತರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನ ಎಣಿಕೆ.

"ನಿಧಾನ ಪುಟ್ಟಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ."

"ಬೆಣ್ಣೆ ಗಟ್ಟಿಯಾಗಿದೆ ಅಣ್ಣ."

"ಬೆಣ್ಣೆಯಲ್ಲ, ನಿನ್ನ ಕೈ ಗಟ್ಟಿಯಾಗಿದೆ. ಸ್ಟಿಕ್ಕಿನ ಕತ್ತು ಯಾಕೆ ಹಿಸುಕ್ತೀಯ? ಪಾಪ, ಅದೇನು ಮಾಡಿತ್ತು ನಿಂಗೆ?"

ನಲವತ್ನಾಲ್ಕಾದರೂ ಪುಟ್ಟಿಯೇ. ಮನೆಗೆ ಅಂಟಿಕೊಂಡ ವಿಡಿಯೊ ಸ್ಟುಡಿಯೊ ನಮ್ಮಿಬ್ಬರದು. ಹೊರಗೆ ಅವನು, ಒಳಗೆ ನಾನು. ಅವನು ತೆಗೆದು ತಂದದ್ದನ್ನು ಹಿಂದಿನ ಕೋಣೆಯಲ್ಲಿ ಕೂತು ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಇಪ್ಪತ್ತು ವರ್ಷ ನನಗೆ ಕಿಟಕಿಯ ಅಗತ್ಯವೇ ಬಿದ್ದಿರಲಿಲ್ಲ. ಈಗ ಮೈದಾನದಲ್ಲಿ ನಿಂತು ಕತ್ತು ನೋಯಿಸಿಕೊಳ್ಳುತ್ತಿದ್ದೇನೆ.

ಅಣ್ಣನ ಕೈಯ ನಡುಕ ಮೊದಲು ಕಂಡದ್ದು ನನಗೇ. ಡಾಕ್ಟರಿಗಿಂತ ಮೊದಲು, ಅತ್ತಿಗೆಗಿಂತ ಮೊದಲು, ಅವನಿಗಿಂತಲೂ ಮೊದಲು. ಒಂದು ಶಾಲೆಯ ಕ್ರೀಡಾಕೂಟದ ಫುಟೇಜ್. ಕ್ಯಾಮೆರಾ ಕೆಳಗೆ ಬಾಗುವಾಗ ಸಣ್ಣ ತಡವರಿಕೆ—ಯಾರೋ ಹಲ್ಲು ಕಡಿಯುತ್ತಿರುವ ಹಾಗೆ. ಮೆಷೀನ್ ಕೆಟ್ಟಿದೆ ಎಂದು ಸರ್ವಿಸಿಗೆ ಕಳಿಸಿದೆವು. ಮೆಷೀನ್ ಸರಿಯಾಗಿತ್ತು.

ಫೆಬ್ರವರಿ ೬

ರೆಕಾರ್ಡ್ ಬಟನ್ ಒಂದೇ. ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ನಾನು ಎಲ್ಲೋ ಒಂದು ಸಲ ಹೆಚ್ಚಿಗೆ ಒತ್ತಿದೆ. ಆಮೇಲೆ ಎಲ್ಲ ತಿರುಗುಮುರುಗು. ಹಾರಿದ್ದೊಂದೂ ಬಂದಿಲ್ಲ. ಇಳಿದ ಮೇಲಿನದ್ದೆಲ್ಲ ಬಂದಿದೆ—ಹುಲ್ಲು, ನನ್ನ ಚಪ್ಪಲಿ, ಬಗ್ಗಿ ನೋಡುತ್ತಿರುವ ನನ್ನ ಗದ್ದ.

ಅತ್ತಿಗೆ ಮೆಡಿಕಲ್ ಶಾಪ್ ಮುಚ್ಚಿ ಬಂದವರು ಪರದೆಯ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರೋನಿಗೆ ಅವರಿಟ್ಟ ಹೆಸರು ಸವತಿ. "ನೋಡು, ನನ್ನ ಸವತಿ ಕಣ್ಣಿಗೆ ನೀನು ಹೀಗೆ ಕಾಣ್ತೀಯ. ಎರಡು ಗದ್ದ."

"ನಿಮ್ಮನ್ನ ತೋರಿಸ್ಲಾ ಅತ್ತಿಗೆ? ನಿಮಗೆ ಮೂರು ಬರ್ತವೆ."

ಅಣ್ಣನೂ ನಕ್ಕ. ಲೋಟ ಕೆಳಗಿಟ್ಟು ನಕ್ಕ. ಈಗೀಗ ನಗುವ ಮೊದಲು ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಾನೆ.

ಫೆಬ್ರವರಿ ೧೧. ಮಧ್ಯಾಹ್ನ

ಅಣ್ಣನ ಪಾಠಗಳು, ಮರೆಯದಿರಲೆಂದು:

"ಎತ್ತರ ಎತ್ತರ ಅಂತ ಯಾಕೆ ಸಾಯ್ತೀಯ? ಮೇಲೆ ಹೋದಷ್ಟೂ ಮ್ಯಾಪ್ ಆಗುತ್ತೆ. ಮರದ ತಲೆ ಎತ್ತರದಲ್ಲಿರು, ಸಾಕು."

"ಒಂದು ಸಲಕ್ಕೆ ಒಂದೇ ಚಲನೆ. ಮುಂದೆ ಅಂದ್ರೆ ಮುಂದೆ. ತಿರುಗೋದು, ಏರೋದು, ಬಗ್ಗೋದು ಎಲ್ಲ ಒಟ್ಟಿಗೆ ಮಾಡಿದ್ರೆ ನೋಡೋನಿಗೆ ವಾಂತಿ."

"ಶುರುವಿನಲ್ಲಿ ಸುಮ್ಮನೆ ನಿಲ್ಲು, ಕೊನೇಲೂ ಸುಮ್ಮನೆ ನಿಲ್ಲು. ಕತ್ತರಿಸೋಳಿಗೆ ಜಾಗ ಬಿಡು."

"ಕತ್ತರಿಸೋಳು ನಾನೇ ಅಲ್ವಾ?"

"ಅದಕ್ಕೇ ಹೇಳಿದ್ದು. ಜಾಗ ಬಿಟ್ಟಿಲ್ಲ ಅಂತ ಇಪ್ಪತ್ತು ವರ್ಷ ಬೈದಿದ್ದೀಯ ನನ್ನ. ಈಗ ನಿನ್ನನ್ನೇ ಬೈಕೋ."

ಇವತ್ತು ನಾನೇ ಒಂದು ಕಂಡುಹಿಡಿದೆ. ಸೆಟ್ಟಿಂಗ್ಸ್‌ನ ಒಳಗೆ, ಯಾರೂ ಹೋಗದ ಪುಟದಲ್ಲಿ, ಸ್ಟಿಕ್ಕಿನ ಚುರುಕು ತಗ್ಗಿಸುವ ಜಾಗವಿದೆ. ತಗ್ಗಿಸಿದರೆ ಸ್ಟಿಕ್ ಮೊಂಡಾಗುತ್ತದೆ. ಕೈ ತಪ್ಪಿ ಸ್ವಲ್ಪ ಅಲುಗಿದರೂ ಡ್ರೋನ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬಿಟ್ಟಾಗಲೂ ಗಕ್ಕನೆ ನಿಲ್ಲುವುದಿಲ್ಲ, ಜಾರಿಕೊಂಡು ಹೋಗಿ ನಿಲ್ಲುತ್ತದೆ. ಚಿಮಣಿಯ ಸುತ್ತ ಮೊದಲ ಸಲ ಪೂರ್ತಿ ಸುತ್ತು ಬಂದೆ. ಚೆನ್ನಾಗಿಯೇ ಬಂದಿತ್ತು.

ಅಣ್ಣ ಫುಟೇಜ್ ನೋಡಿದ. ಎರಡನೇ ಸಲ ನೋಡಿದ. ಅವನ ಕಣ್ಣಿಗೆ ಮೋಸ ಮಾಡಲಾಗುವುದಿಲ್ಲ.

"ಸೆಟ್ಟಿಂಗ್ ಇಳಿಸಿದ್ದೀಯಾ?"

"ಹೂಂ."

"ತೆಗಿ ಅದನ್ನ. ಊರುಗೋಲು ಅದು. ಕೈಗೆ ಕಲಿಸು, ಮೆಷೀನಿಗಲ್ಲ."

ಫೆಬ್ರವರಿ ೧೯. ಬೆಳಿಗ್ಗೆ ಹತ್ತು

ಏನೋ ಆಯಿತು. ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ನಾನು ಮೊದಲೇ ಮೈದಾನಕ್ಕೆ ಹೋಗಿದ್ದೆ. ಅಣ್ಣ ಬರುವ ಮುಂಚೆ ಊರುಗೋಲು ಹಾಕಿಕೊಂಡು ಒಂದು ಬ್ಯಾಟರಿ ಮುಗಿಸಿದೆ. (ಹೌದು, ಕದ್ದು. ಪ್ರತಿದಿನ ಬೈಸಿಕೊಳ್ಳಲು ಬೇಜಾರು.) ಅವನು ಬಂದ. ನಾನು ಸೆಟ್ಟಿಂಗ್ ತೆಗೆಯಲು ಮರೆತೆ. ಅವನೆದುರು ಗಾಬರಿಯಾಗಿ ನಾನು ಎರಡನೇ ಸುತ್ತಿನಲ್ಲೂ ಚಿಮಣಿ ತಪ್ಪಿಸಿದ್ದು ನೋಡಿ ತಾಳ್ಮೆಗೆಟ್ಟು "ಕೊಡು ಇಲ್ಲಿ, ಒಂದ್ಸಲ ತೋರಿಸ್ತೀನಿ" ಎಂದು ರಿಮೋಟ್ ಕಿತ್ತುಕೊಂಡ. ಡಿಸೆಂಬರಿನಿಂದ ಮುಟ್ಟಿರಲಿಲ್ಲ.

ಪರದೆಯ ಮೇಲೆ ಚಿಮಣಿ ತಿರುಗಿತು. ಎಣ್ಣೆ ಹಾಕಿದ ಬಾಗಿಲಿನ ಹಾಗೆ. ಗಿರಣಿಯ ಮುರಿದ ಛಾವಣಿ, ಆಚೆ ರೈಲು ಹಳಿ, ಮತ್ತೆ ಚಿಮಣಿ. ಎಲ್ಲೂ ತಡವರಿಕೆ ಇಲ್ಲ.

ಕೈಯನ್ನೇ ನೋಡಿದೆ. ಹೆಬ್ಬೆರಳು ನಡುಗುತ್ತಿತ್ತು. ಎಂದಿನ ಹಾಗೇ. ಅವನು ಮಾತ್ರ ಕೈ ನೋಡುತ್ತಿರಲಿಲ್ಲ, ಪರದೆ ನೋಡುತ್ತಿದ್ದ.

"ಪುಟ್ಟಿ." ದನಿ ಬೇರೆಯೇ ಆಗಿತ್ತು. "ಹೊಸ ಮಾತ್ರೆ ಹಿಡೀತಾ ಇದೆ ಕಣೇ."

ಆಗ ಹೇಳಬಹುದಿತ್ತು. ಒಂದು ಮಾತು. "ಅಯ್ಯೋ ಅಣ್ಣ, ಸೆಟ್ಟಿಂಗ್ ತೆಗೆಯೋಕೆ ಮರೆತೆ."

"ಹೌದು ಕಣೋ" ಅಂದೆ.

ಫೆಬ್ರವರಿ ೨೧

ಇವತ್ತೂ ರಿಮೋಟ್ ಕೇಳಿದ. ಕೊಡುವ ಮುಂಚೆ ಬೆನ್ನು ತಿರುಗಿಸಿ ಸೆಟ್ಟಿಂಗ್ ಇಳಿಸಿ ಕೊಟ್ಟೆ. ಮೊನ್ನೆಯದು ಮರೆವು. ಇವತ್ತಿನದಕ್ಕೆ ಆ ಹೆಸರು ಕೊಡಲಾಗುವುದಿಲ್ಲ.

ಫೆಬ್ರವರಿ ೨೬. ಸಂಜೆ

ದಿನಾ ಹಾರಿಸುತ್ತಿದ್ದಾನೆ. ಹೊಸ ಅಂಗಿ ಹಾಕಿಕೊಂಡು ಬರುತ್ತಾನೆ, ಗುಂಡಿ ತಾನೇ ಹಾಕಿಕೊಂಡಿದ್ದಾನೆ. ಹಾಕಲು ಎಷ್ಟು ಹೊತ್ತಾಯಿತೋ. ಮೈದಾನದಲ್ಲಿ ಜೋರು ಜೋರಾಗಿ ಮಾತಾಡುತ್ತಾನೆ.

ಅತ್ತಿಗೆ ಅಡುಗೆಮನೆಯಿಂದಲೇ ಕೂಗಿದರು: "ಏನ್ರೀ, ಸವತಿ ಜೊತೆ ಮತ್ತೆ ಶುರುವಾಯ್ತಾ?"

"ಅವಳೇ ಕರೀತಾಳೆ, ನಾನೇನ್ ಮಾಡ್ಲಿ?"

ಅವರಿಬ್ಬರೂ ಹೀಗೆ ಮಾತಾಡಿ ಎಷ್ಟು ದಿನವಾಗಿತ್ತು. ಅತ್ತಿಗೆ ಪಾತ್ರೆ ತೊಳೆಯುತ್ತಾ ಏನೋ ಗುನುಗುತ್ತಿದ್ದರು. ನಾನು ಹಿಂದಿನ ಕೋಣೆಗೆ ಬಂದು ಕಂಪ್ಯೂಟರ್ ಹಾಕಿದೆ. ಎಡಿಟ್ ಮಾಡಲು ಏನೂ ಇರಲಿಲ್ಲ.

ಯಾಕೆ ಮಾಡುತ್ತಿದ್ದೇನೆ? ಅವನಿಗೋಸ್ಕರ ಎಂದು ಬರೆದು ಹೊಡೆದುಹಾಕಿದೆ. ನನಗೆ ಹೊರಗಿನ ಕೆಲಸ ಇಷ್ಟವಿಲ್ಲ. ಗಿರಾಕಿಗಳ ಮುಂದೆ ಡ್ರೋನ್ ಹಿಡಿದು ನಿಲ್ಲುವುದನ್ನು ನೆನೆದರೆ ಬೆವರುತ್ತೇನೆ. ಅವನ ಕೈ ವಾಸಿಯಾದರೆ ನನಗೆ ನನ್ನ ಕೋಣೆ ವಾಪಸ್ಸು. ಇದೂ ಇದೆ. ಇದು ಎಷ್ಟು ಪಾಲು ಎಂದು ನನಗೇ ಗೊತ್ತಿಲ್ಲ.

ಮಾರ್ಚ್ ೩

ನರದ ಡಾಕ್ಟರ್. ಅತ್ತಿಗೆಗೆ ರಜೆ ಸಿಗಲಿಲ್ಲ, ನಾನು ಹೋದೆ.

ಕೈ ಚಾಚಿ ಅಂದರು. ಬೆರಳು ಮೂಗಿಗೆ ಮುಟ್ಟಿಸಿ ಅಂದರು. ಹೆಬ್ಬೆರಳು ತೋರುಬೆರಳು ಬೇಗ ಬೇಗ ತಾಗಿಸಿ ಅಂದರು. ಎಲ್ಲದರಲ್ಲೂ ಮೊದಲಿಗಿಂತ ಕೆಳಗೆ. ನನಗೇ ಕಾಣುತ್ತಿತ್ತು.

"ಡೋಸ್ ಸ್ವಲ್ಪ ಏರಿಸೋಣ" ಅಂದರು ಡಾಕ್ಟರ್.

"ಇಲ್ಲ ಡಾಕ್ಟ್ರೇ, ಇದು ನಿಮ್ಮ ಮುಂದೆ ಕೂತಿದ್ದಕ್ಕೆ. ಪರೀಕ್ಷೆಯ ಭಯ. ನಿಜವಾದ ಕೈ ತೋರಿಸ್ತೀನಿ, ನೋಡಿ." ಅಣ್ಣ ಫೋನ್ ತೆಗೆದ. ಚಿಮಣಿಯ ವಿಡಿಯೊ. ಡಾಕ್ಟರ್ ಕನ್ನಡಕ ಏರಿಸಿಕೊಂಡು ನೋಡಿದರು. ಪೂರ್ತಿ ನೋಡಿದರು, ಪುಣ್ಯಾತ್ಮ.

"ಇದು ನೀವೇ ಹಾರಿಸಿದ್ದಾ?"

"ಈ ಕೈಯಲ್ಲೇ. ಇವಳೇ ಸಾಕ್ಷಿ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಸುಳ್ಳೇನಲ್ಲ—ಹಾರಿಸಿದ್ದು ಅವನೇ.

"ಇಷ್ಟವಾದ ಕೆಲಸದಲ್ಲಿ ಮುಳುಗಿದಾಗ ಕೆಲವರಿಗೆ ಕಡಿಮೆ ಆಗೋದುಂಟು" ಅಂದರು ಡಾಕ್ಟರ್. "ಸರಿ, ಹಾಗಾದ್ರೆ ಈಗಿನ ಡೋಸೇ ಇರಲಿ. ಎರಡು ತಿಂಗಳು ಬಿಟ್ಟು ನೋಡೋಣ."

ಮೆಟ್ಟಿಲಿಳಿಯುವಾಗ ಅಣ್ಣ ಕಂಬಿ ಹಿಡಿದುಕೊಳ್ಳಲಿಲ್ಲ. ನಾನು ಹಿಡಿದುಕೊಂಡೆ.

ಮಾರ್ಚ್ ೧೪

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ನದಿಯ ಮೇಲಿನ ಹೊಸ ಸೇತುವೆಯ ಸೈಟ್ ಇಂಜಿನಿಯರ್ ಬಂದಿದ್ದಳು. ಹೆಲ್ಮೆಟ್ ಕಂಕುಳಲ್ಲಿ, ಬೂಟಿನ ತುಂಬ ಸಿಮೆಂಟು. ಎರಡು ದಡದಿಂದ ಬಂದ ಸೇತುವೆ ಈ ತಿಂಗಳು ನಡುವೆ ಕೂಡುತ್ತದಂತೆ. ಆ ಕೊನೆಯ ತುಂಡು ಕೂರಿಸುವುದನ್ನು ಮೇಲಿಂದ ಚಿತ್ರೀಕರಿಸಬೇಕು. "ಅದು ಒಂದೇ ಸಲ ಆಗೋದು ಸಾರ್. ರೀಟೇಕ್ ಇಲ್ಲ."

ನಾನು "ನೋಡಿ ಹೇಳ್ತೀವಿ" ಎನ್ನುವಷ್ಟರಲ್ಲಿ ಅಣ್ಣ "ಮಾಡ್ತೀನಿ" ಅಂದ. ಮಾಡ್ತೀವಿ ಅನ್ನಲಿಲ್ಲ.

ಅವಳು ಹೋದ ಮೇಲೆ ಹೇಳಿದೆ: "ಅಣ್ಣ, ಈ ಸಲ ನಾನು ಹಾರಿಸ್ತೀನಿ. ನೀನು ಪಕ್ಕದಲ್ಲಿರು."

"ನೀನಾ? ಚಿಮಣೀನೇ ನಿನಗೆ ಇನ್ನೂ ಸಿಕ್ಕಿಲ್ಲ."

"ಸಿಗುತ್ತೆ."

"ಸಿಗಲಿ. ಮುಂದಿನ ಸಲ ನೀನೇ. ಇದೊಂದು ನಾನು ಮಾಡ್ಬೇಕು ಪುಟ್ಟಿ." ಬಾಗಿಲವರೆಗೆ ಹೋಗಿ ತಿರುಗಿದ: "ಮಾಡಬಲ್ಲೆ ಅಂತ ನಂಗೇ ಗೊತ್ತಾಗ್ಬೇಕು."

ಮಾರ್ಚ್ ೧೮. ಸಂಜೆ

ಬೆಳಿಗ್ಗೆ ಆರೂವರೆಗೆ ಒಬ್ಬಳೇ ಮೈದಾನಕ್ಕೆ ಹೋಗಿದ್ದೆ. ಊರುಗೋಲಿಲ್ಲದೆ. ಡ್ರೋನನ್ನು ಗಿರಣಿಯ ಗೇಟಿನ ಕೆಳಗಿಂದ ನುಗ್ಗಿಸಿ, ಅಂಗಳ ದಾಟಿಸಿ, ನಿಧಾನವಾಗಿ ಮೇಲೇರಿಸಿದೆ. ಕ್ಯಾಮೆರಾ ಮೇಲೆತ್ತುತ್ತಾ ಬಂದೆ. ಮುರಿದ ಛಾವಣಿ ಸರಿದು, ಅದರ ಹಿಂದೆ ಇಡೀ ಊರು ಮಂಜಿನಲ್ಲಿ ಎದ್ದು ಬಂತು. ಕೊನೆಯಲ್ಲಿ ಸುಮ್ಮನೆ ನಿಂತೆ. ಕತ್ತರಿಸುವವಳಿಗೆ ಜಾಗ ಬಿಟ್ಟೆ.

ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದೆ. ಕತ್ತರಿಸಲು ಏನೂ ಇರಲಿಲ್ಲ. ಇಷ್ಟು ವರ್ಷ ಬೇರೆಯವರ ಚಿತ್ರಗಳ ತಪ್ಪು ಎಣಿಸಿದವಳಿಗೆ ತನ್ನದೊಂದು ಸರಿಯಾದಾಗ ಏನು ಮಾಡಬೇಕೆಂದು ತೋಚಲಿಲ್ಲ. ಯಾರಿಗೂ ತೋರಿಸಲಿಲ್ಲ. ಅಣ್ಣನ ಮುಂದೆ ಇವತ್ತು ಬೇಕೆಂದೇ ಚಿಮಣಿ ತಪ್ಪಿಸಿದೆ. "ಎಂಥ ಕೈಯೇ ನಿಂದು!" ಎಂದು ಖುಷಿಯಿಂದ ಬೈದ.

ಮಾರ್ಚ್ ೨೨. ಸಂಜೆ

ಬಿತ್ತು. ಯಾರಿಗೂ ಏನೂ ಆಗಿಲ್ಲ. ಇವತ್ತು ಬರೆಯಲಾರೆ.

ಮಾರ್ಚ್ ೨೪. ಬೆಳಿಗ್ಗೆ

ಮೊನ್ನೆ ಸೇತುವೆಯ ಹತ್ತಿರ ಬೆಳಕು ಚೆನ್ನಾಗಿತ್ತು. ನದಿ ನಿಂತ ನೀರಿನ ಹಾಗಿತ್ತು. ಸೇತುವೆಯ ಎರಡು ತುದಿಗಳ ನಡುವೆ ಖಾಲಿ ಜಾಗ, ಅದರ ಮೇಲೆ ಕ್ರೇನಿನಿಂದ ತೂಗುತ್ತಿದ್ದ ಕೊನೆಯ ತುಂಡು. ಕೆಲಸದವರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ನಾನು ರಿಮೋಟ್ ಕೊಟ್ಟೆ. ಕೊಡುವ ಮುಂಚೆ ಎಂದಿನ ಹಾಗೆ ಬೆನ್ನು ತಿರುಗಿಸಿದೆ.

ಒಂದು ಕ್ಷಣ ಸೆಟ್ಟಿಂಗ್ ಇಳಿಸದೆ ಬಿಟ್ಟುಬಿಡಲೇ ಅನ್ನಿಸಿತ್ತು. ಅಷ್ಟು ಜನರ ಮುಂದೆ ಚಿತ್ರ ನಡುಗಿದರೆ? ಆದ್ದರಿಂದ ಇಳಿಸಿದೆ. ಎಂದಿಗಿಂತ ಹೆಚ್ಚೇ ಇಳಿಸಿದೆ.

ಅವನು ನದಿಯ ಮೇಲಿಂದ ಸೇತುವೆಯ ಕಡೆಗೆ ತಂದ. ತೂಗುವ ತುಂಡಿನ ಹತ್ತಿರ ಬಂದು, ಅದರ ಮುಂದೆ ನಿಂತು, ಆಮೇಲೆ ಮೇಲೇರಬೇಕು ಎಂದು ಮನಸ್ಸಿನಲ್ಲೇ ಗೆರೆ ಹಾಕಿಕೊಂಡಿದ್ದ. ಚಿತ್ರ ಅದ್ಭುತವಾಗಿ ಬರುತ್ತಿತ್ತು. ಇಂಜಿನಿಯರ್ ನಮ್ಮ ಹಿಂದೆ ನಿಂತು "ವಾವ್" ಅಂದಳು.

ನಾನು ಪಕ್ಕದಲ್ಲೇ ಇದ್ದೆ. ಅವನ ಹೆಬ್ಬೆರಳು ಸ್ಟಿಕ್ ಬಿಟ್ಟದ್ದನ್ನು ನೋಡಿದೆ. ಎಲ್ಲಿ ಬಿಡಬೇಕೋ ಅಲ್ಲೇ ಬಿಟ್ಟ. ಯಾವ ಕಾಲದಲ್ಲೂ ಅವನು ಅಲ್ಲೇ ಬಿಡುತ್ತಿದ್ದ. ಡ್ರೋನ್ ನಿಲ್ಲಲಿಲ್ಲ. ಮೊಂಡು ಸ್ಟಿಕ್ಕಿಗೆ ಮೊಂಡು ಬ್ರೇಕು. ಜಾರಿಕೊಂಡು ಹೋಯಿತು, ಎಷ್ಟು ಚೆಂದ ಜಾರಿತು, ಕ್ರೇನಿನ ಉಕ್ಕಿನ ಹಗ್ಗಕ್ಕೆ ರೆಕ್ಕೆ ತಾಗಿತು. ಎದುರಿನದನ್ನು ನೋಡಿ ತಾನೇ ನಿಲ್ಲುವ ಕಣ್ಣು ಅದಕ್ಕಿದೆ, ಹಗ್ಗದಷ್ಟು ಸಪೂರದ್ದು ಆ ಕಣ್ಣಿಗೆ ಕಾಣುವುದಿಲ್ಲ.

ಈಚೆ ತುದಿಯ ಕಾಂಕ್ರೀಟಿನ ಮೇಲೆ ಬಿತ್ತು. ಒಬ್ಬ ವೆಲ್ಡರ್ ಕೂತಿದ್ದ ಜಾಗದಿಂದ ಒಂದಾಳುದ್ದ ದೂರ.

ಅಣ್ಣ ಓಡಿದ. ಅವನು ಓಡಿದ್ದನ್ನು ನಾನು ನೋಡಿ ವರ್ಷದ ಮೇಲಾಗಿತ್ತು. ವೆಲ್ಡರನ ಎರಡೂ ಕೈ ಹಿಡಿದುಕೊಂಡು "ತಪ್ಪಾಯ್ತಪ್ಪ, ತಪ್ಪಾಯ್ತು" ಎನ್ನುತ್ತಿದ್ದ.

"ಬಿಡಿ ಸಾರ್, ಮೇಲಿಂದ ಫ್ಯಾನ್ ಬಿತ್ತು ಅಂತ ನೋಡಿದೆ, ಸೇತುವೆಗೂ ಫ್ಯಾನ್ ಹಾಕಿಸ್ತಾರಾ ಅಂತ!" ಅವನ ಜೊತೆಯವರು ನಕ್ಕರು. ಆಮೇಲೆ ವೆಲ್ಡರ್ ಅಣ್ಣನ ಹಿಡಿತದಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡು ಮೆತ್ತಗೆ ಹೇಳಿದ: "ಯಾಕ್ ಸಾರ್ ಇಷ್ಟು ನಡುಗ್ತಿದ್ದೀರ? ನಂಗೇನೂ ಆಗಿಲ್ಲ. ಕೂತ್ಕೊಳ್ಳಿ. ಯಾರಾದ್ರೂ ನೀರು ಕೊಡ್ರೋ ಸಾರ್‌ಗೆ."

ಅಣ್ಣ ನೀರು ಕುಡಿದ. ಭಯದಿಂದ ನಡುಗುತ್ತಿದ್ದಾನೆ ಎಂದೇ ಎಲ್ಲರೂ ತಿಳಿದರು. ಹಾಗೇ ತಿಳಿಯಲು ಬಿಟ್ಟ.

ಕಾರಿನಲ್ಲಿ ಒಂದೇ ಮಾತು. "ಬಿಟ್ಟೆ ಅಂದ್ಕೊಂಡೆ ಪುಟ್ಟಿ. ಬಿಟ್ಟೇ ಇರಲಿಲ್ಲ ನೋಡು, ಬೆರಳು. ನನ್ನ ಬೆರಳು ಏನು ಮಾಡ್ತಿದೆ ಅಂತ ನಂಗೇ ಗೊತ್ತಾಗ್ತಿಲ್ಲ."

ನಾನು ಗೇರ್ ಬದಲಿಸಿದೆ.

ಮಾರ್ಚ್ ೨೪. ಸಂಜೆ

ಬೆಳಿಗ್ಗೆ ಬರೆದದ್ದನ್ನು ಮತ್ತೆ ಓದಿದೆ. ಯಾವ ಕಡೆಯಿಂದ ನೋಡಿದರೂ ಬಾಗಿಲಿಲ್ಲ.

ನಿಜ ಹೇಳಿದರೆ—ಬೆರಳು ಸರಿಯಾಗಿಯೇ ಬಿಟ್ಟಿತ್ತು, ತಪ್ಪು ನನ್ನದು. ಆದರೆ ಆಗ ಆ ಇಡೀ ತಿಂಗಳು ಹೋಗುತ್ತದೆ. ಮಾತ್ರೆ ಹಿಡಿದಿರಲಿಲ್ಲ, ಕೈ ಒಂದು ದಿನವೂ ನಿಂತಿರಲಿಲ್ಲ, ಎಲ್ಲ ತಂಗಿ ಬೆನ್ನು ತಿರುಗಿಸಿ ಮಾಡಿದ ಕೈಚಳಕ.

ಹೇಳದಿದ್ದರೆ ತಿಂಗಳು ಉಳಿಯುತ್ತದೆ. ಬೆರಳು ಹೋಗುತ್ತದೆ, ಅದರ ಮೇಲಿನ ಅವನ ನಂಬಿಕೆ.

ಯಾವುದನ್ನು ಉಳಿಸಲಿ? ಎರಡರಲ್ಲಿ ಒಂದನ್ನೂ ಉಳಿಸಲು ನನ್ನ ಕೈಲಾಗುವುದಿಲ್ಲ, ಯಾವುದು ಮೊದಲು ಹೋಗಬೇಕು ಎನ್ನುವುದಷ್ಟೇ ನನ್ನದು.

ಏಪ್ರಿಲ್ ೨. ಮಧ್ಯಾಹ್ನ

ಅಣ್ಣ ಸ್ಟುಡಿಯೊಗೆ ಬರುತ್ತಿಲ್ಲ. ಊಟಕ್ಕೆ ಚಮಚ ಕೇಳುತ್ತಾನೆ. ಅಂಗಿ ಬಿಟ್ಟು ಟೀ ಶರ್ಟಿಗೆ ಬಂದಿದ್ದಾನೆ.

ಇವತ್ತು ಮೆಡಿಕಲ್ ಶಾಪಿಗೆ ಹೋಗಿ ಅತ್ತಿಗೆಗೆ ಹೇಳಿಬಿಟ್ಟೆ. ಅವರು ಕೌಂಟರಿನ ಆಚೆ, ನಾನು ಈಚೆ, ಗಿರಾಕಿಯ ಹಾಗೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮಧ್ಯೆ ಒಬ್ಬ ಅಜ್ಜಿ ಕೆಮ್ಮಿನ ಔಷಧಿಗೆ ಬಂದಳು. ಅತ್ತಿಗೆ "ಊಟ ಆದ್ಮೇಲೆ ಅಜ್ಜಿ, ಮುಂಚೆ ಅಲ್ಲ, ಗೊತ್ತಾಯ್ತಾ? ಆದ್ಮೇಲೆ" ಎಂದು ಬಾಟಲಿಯ ಮೇಲೆ ಗುರುತು ಹಾಕಿ ಕೊಟ್ಟರು. ಅಜ್ಜಿ ಹೋಗುವವರೆಗೂ ಅವರ ಮುಖದಲ್ಲಿ ಏನೂ ಇರಲಿಲ್ಲ.

ಆಮೇಲೆ: "ಡಾಕ್ಟರಿಗೆ ನಾನು ಹೇಳ್ತೀನಿ. ಡೋಸ್ ಅವತ್ತೇ ಏರಿಸ್ಬೇಕಿತ್ತು."

"ಅಣ್ಣನಿಗೆ?"

"ಬೇಡ." ಡ್ರಾಯರ್ ತೆಗೆದು ಮುಚ್ಚಿದರು. "ಅವರಿಗೆ ಬೇಡ."

"ಬೈಯಿರಿ ಅತ್ತಿಗೆ. ಸುಮ್ಮನಿರಬೇಡಿ."

"ಬೈಯೋಕೆ ಏನಿದೆ? ಔಷಧಿ ಮಾರೋಳು ನಾನು. ಆ ಮಾತ್ರೆ ಅಷ್ಟು ಬೇಗ ಹಾಗೆ ಹಿಡಿಯಲ್ಲ ಅಂತ ನಂಗೆ ಗೊತ್ತಿರ್ಲಿಲ್ವಾ? ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ." ಕಣ್ಣು ಒರೆಸಿಕೊಳ್ಳಲಿಲ್ಲ, ಪಟ್ಟಿ ಪಟ್ಟಿ ಮಾತ್ರೆಗಳನ್ನು ಸುಮ್ಮನೆ ಜೋಡಿಸುತ್ತಿದ್ದರು. "ನೀನು ನಂಗೂ ಹೇಳ್ಬಾರದಿತ್ತು ಪುಟ್ಟಿ. ಆ ತಿಂಗಳು ಚೆನ್ನಾಗಿತ್ತು."

ಏಪ್ರಿಲ್ ೯

ಇಂಜಿನಿಯರ್ ಫೋನ್ ಮಾಡಿದ್ದಳು. ತುಂಡು ಕೂರಿಸಿದ್ದು ಅವತ್ತೇ ಮುಗಿಯಿತು, ನಮ್ಮ ಚಿತ್ರವಿಲ್ಲದೆಯೇ. ಈಗ ಸೇತುವೆಯ ಮೇಲೆ ಮೊದಲ ಸಲ ನಡೆದು ದಾಟುತ್ತಾರಂತೆ, ಕೆಲಸದವರೆಲ್ಲ ಒಟ್ಟಿಗೆ. ಅದನ್ನಾದರೂ ತೆಗೆಯುತ್ತೀರಾ?

ಬಿದ್ದದ್ದು ಇನ್ನೂ ರಿಪೇರಿಯಾಗಿಲ್ಲ, ಕಪಾಟಿನಲ್ಲಿದ್ದ ಹಳೆಯ ಡ್ರೋನ್ ಒರೆಸಿ ತೆಗೆದುಕೊಂಡು ಹೋದೆ. ಒಬ್ಬಳೇ. ಬೆವರಿದೆ, ಆದರೆ ಕೈ ಬೆವರಲಿಲ್ಲ. ನೀರಿಗೆ ತಾಗುವಷ್ಟು ಕೆಳಗಿಂದ ಶುರುಮಾಡಿ, ಕಂಬಗಳ ನಡುವೆ ಬಂದು, ಮೆಲ್ಲಗೆ ಏರಿ, ಅವರ ಹೆಲ್ಮೆಟ್ಟುಗಳ ಸಾಲಿನ ಜೊತೆಜೊತೆಗೆ ಹೋದೆ. ಅವರ ಮೇಲೆ ಅಲ್ಲ, ಪಕ್ಕದಲ್ಲಿ, ಬೇಕಾದಷ್ಟು ದೂರ ಬಿಟ್ಟು. ವೆಲ್ಡರ್ ಕ್ಯಾಮೆರಾ ನೋಡಿ ತಲೆ ಮುಚ್ಚಿಕೊಂಡು ಓಡುವ ನಾಟಕ ಮಾಡಿದ. ಅದೂ ಬಂದಿದೆ.

ಅಣ್ಣ ನಾನು ಕರೆಯದೆಯೇ ಹಿಂದಿನ ಕೋಣೆಗೆ ಬಂದ. ನನ್ನ ಕುರ್ಚಿಯ ಹಿಂದೆ ನಿಂತು ನೋಡಿದ. ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ, ಕುರ್ಚಿ ನಡುಗುತ್ತಿತ್ತು, ನಾನೂ ಅದರ ಜೊತೆ.

"ಸೆಟ್ಟಿಂಗ್?"

"ಇಲ್ಲ. ಕೈಯಲ್ಲೇ."

ಮೊದಲಿನಿಂದ ಮತ್ತೊಮ್ಮೆ ಹಾಕಿಸಿ ನೋಡಿದ. "ನಂಗೆ ಇಷ್ಟು ಬರೋಕೆ ಎಷ್ಟು ವರ್ಷ ಹಿಡೀತು ಗೊತ್ತಾ?" ಅಂದ. ಆಮೇಲೆ ನನ್ನ ತಲೆಯ ಮೇಲೊಂದು ಮೊಟಕಿದ, ಚಿಕ್ಕವಳಿದ್ದಾಗಿನ ಹಾಗೆ. ಗುರಿ ತಪ್ಪಿ ಕಿವಿಗೆ ತಾಗಿತು.

ಇದಕ್ಕಾಗಿ ಎಷ್ಟು ದಿನ ಕಾದಿದ್ದೆ. ಬಂದಾಗ ಎಲ್ಲಿಡಬೇಕೋ ತಿಳಿಯಲಿಲ್ಲ.

ಏಪ್ರಿಲ್ ೧೫. ಸಂಜೆ

ಊಟದ ಮೇಜಿನಲ್ಲಿ ಅಣ್ಣ: "ಪುಟ್ಟಿ, ನಾಳೆ ಮೈದಾನಕ್ಕೆ ಹೋಗೋಣ್ವಾ? ಒಂದೇ ಸಲ ಹಾರಿಸ್ತೀನಿ. ಅಲ್ಲಿ ಯಾರ ತಲೆ ಮೇಲೂ ಬೀಳಲ್ಲ."

ಅತ್ತಿಗೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೋಗಿ ಬನ್ನಿ" ಅಂದರು.

"ಸುಮ್ನೆ. ಆ ತಿಂಗಳು ಹಾರಿಸ್ತಿದ್ದೆನಲ್ಲ, ಹಾಗೆ."

ಸೆಟ್ಟಿಂಗ್ ಇಳಿಸುವುದಿಲ್ಲ. ನಿರ್ಧಾರ ಮಾಡಿದ್ದೇನೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ, ಆದರೆ ಇನ್ನೊಮ್ಮೆ ಬೆನ್ನು ತಿರುಗಿಸಲಾರೆ. ಚಿತ್ರವೇ ಹೇಳಲಿ. ಅವನಿಗೆ ಚಿತ್ರ ಓದಲು ಬರುತ್ತದೆ. ನೋಡಿದ ತಕ್ಷಣ ತಿಳಿಯುತ್ತದೆ, ಕೇಳುತ್ತಾನೆ, ಆಗ ಎಲ್ಲ ಹೇಳುತ್ತೇನೆ. ಬೆರಳು ಸಮಯಕ್ಕೆ ಬಿಟ್ಟಿತ್ತು ಎನ್ನುವುದನ್ನು ಮೊದಲು ಹೇಳುತ್ತೇನೆ.

ಏಪ್ರಿಲ್ ೧೬. ಬೆಳಿಗ್ಗೆ ಒಂಬತ್ತು

ಈಗಷ್ಟೇ ಬಂದೆವು. ಅಣ್ಣ ಸ್ನಾನಕ್ಕೆ ಹೋಗಿದ್ದಾನೆ.

ರಿಮೋಟ್ ಅವನ ಕಣ್ಣೆದುರೇ ಕೊಟ್ಟೆ. ಎಲೆ ಅಲುಗುತ್ತಿರಲಿಲ್ಲ. ಗಿರಣಿಯ ಗೇಟಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ ಸತ್ತ ಹಾಗೆ ಜೋತುಬಿದ್ದಿತ್ತು. ಡ್ರೋನ್ ಎದ್ದಿತು, ಚಿಮಣಿಯ ಕಡೆ ಹೋಯಿತು. ಅಣ್ಣ ಸುತ್ತು ಶುರುಮಾಡಿದ.

ಪರದೆಯ ಮೇಲೆ ಚಿಮಣಿ ನಡುಗಿತು. ಸಣ್ಣದಾಗಿ ಅಲ್ಲ, ಡಿಸೆಂಬರಿನ ಹಾಗಲ್ಲ. ಇಟ್ಟಿಗೆಗಳು ಉದುರಿಬೀಳುತ್ತವೇನೋ ಅನ್ನುವ ಹಾಗೆ. ಅರ್ಧ ಸುತ್ತಿಗೆ ನಿಲ್ಲಿಸಿದ. ಪರದೆ ನೋಡುತ್ತಾ ನಿಂತ. ನಾನು ಕಾಯುತ್ತಿದ್ದೆ, ಬಾಯಲ್ಲಿ ಮಾತು ಸಿದ್ಧವಿತ್ತು.

"ಮೇಲೆ ಗಾಳಿ ಜೋರಿದೆ, ಅಲ್ವಾ?" ಅಂದ.

ನನ್ನ ಕಡೆ ನೋಡಲಿಲ್ಲ. ಚೀಲದ ಕಡೆಯೂ ನೋಡಲಿಲ್ಲ.

"ಜೋರಿದೆ ಅಣ್ಣ."

"ಕೆಳಗೆ ಗೊತ್ತಾಗಲ್ಲ. ಮೇಲೆ ಇರುತ್ತೆ." ರಿಮೋಟ್ ನನ್ನ ಕೈಗೆ ಕೊಟ್ಟ. "ತಗೋ, ನೀನೇ ಇಳಿಸು. ಗಾಳೀಲಿ ಇಳಿಸೋದನ್ನೂ ಕಲೀಬೇಕು ನೀನು."

ತೆಗೆದುಕೊಂಡೆ. ನನ್ನ ಕೈಗೆ ಬಂದದ್ದೇ ಚಿತ್ರ ನಿಂತಿತು, ಗೋಡೆಗೆ ಮೊಳೆ ಹೊಡೆದ ಹಾಗೆ. ಚಿಮಣಿ, ಛಾವಣಿ, ಹಳಿ, ಯಾವುದೂ ಮಿಸುಕಲಿಲ್ಲ. ಅಣ್ಣನೂ ಪರದೆಯನ್ನೇ ನೋಡುತ್ತಿದ್ದ.  ಆಗ ನಾನು ಬೇಕೆಂದೇ, ಅವನಿಗೆ ಕಾಣದ ಹಾಗೆ, ಹೆಬ್ಬೆರಳನ್ನು ಸ್ವಲ್ಪ ಸ್ವಲ್ಪವೇ ಅಲುಗಿಸಿದೆ, ಮೇಲೆ ಗಾಳಿ ಇರುವ ಹಾಗೆ.